ಉದ್ದ ಹಾಳೆಯ ಮೇಲೆ ಹನ್ನೊಂದು ಕುರಿ

ನಮ್ಮ ಶಾಲೆ ಇರುವ ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ಮತ್ತೆ ನಲವತ್ತು ಜನ ಗೇಟಿನ ಮುಂದೆ ಬಂದು ನಿಲ್ಲುತ್ತಾರೆ. ಯಾದಗಿರಿಯಿಂದ ಹತ್ತಿಕುಣಿ ಕಡೆ ಹೋಗುವ ಬಸ್ಸು ಹತ್ತಿದರೆ ಅರ್ಧ ತಾಸಿನ ದಾರಿ, ಅಷ್ಟು ಸಾಕು. ಆ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷದಿಂದ ನಾನೂ ಭುವನೇಶ್ವರಿ ಟೀಚರೂ ಒಂದೇ ಸೀಟಿನಲ್ಲಿ ಕೂತು ಹೋಗಿಬರುತ್ತಿದ್ದೇವೆ. ನಾನು ಮಸ್ತಾನಬಿ, ಗಣಿತ ಕಲಿಸುತ್ತೇನೆ. ಆಕೆ ಚಿತ್ರಕಲೆ. ನನಗಿಂತ ಎಂಟು ವರ್ಷ ದೊಡ್ಡವಳು, ನಾನು ಭುವನಕ್ಕ ಎನ್ನುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇಡೀ ಶಾಲೆಗೆ ಗೊತ್ತು. ಆಕೆಗೆ ಸಿಟ್ಟು ಬರುವುದಿಲ್ಲ, ದಣಿವು ಬರುತ್ತದೆ. ಬಸ್ಸು ನಿಲ್ದಾಣ ದಾಟುವುದರೊಳಗೆ ಕಣ್ಣು ಮುಚ್ಚಿರುತ್ತಾಳೆ.

ಶಹಾಪುರದ ಕಿರಾಣಿ ಅಂಗಡಿಯವರ ಮಗಳು. ಸಣ್ಣವಳಿದ್ದಾಗ ಬೆಲ್ಲ ಸುತ್ತಿ ಬಂದ ಕಾಗದದ ಮೇಲೆ ಗಿರಾಕಿಗಳ ಮುಖ ಬರೆಯುತ್ತಿದ್ದಳಂತೆ. ಅಪ್ಪ ಬೈಯುವ ಬದಲು ಕಲಬುರಗಿಗೆ ಕಳಿಸಿ ಚಿತ್ರಕಲೆ ಓದಿಸಿದ. ಸುರಪುರದ ಕಡೆ ಮೊದಲ ನೌಕರಿ, ಆಮೇಲೆ ಇಲ್ಲಿ. ಗಂಡ ತೀರಿಹೋಗಿ ಆರು ವರ್ಷ, ಮಗಳನ್ನು ಸುರಪುರಕ್ಕೆ ಕೊಟ್ಟಾಗಿದೆ. ಬರುವ ಮೇ ತಿಂಗಳಿಗೆ ನಿವೃತ್ತಿ.

ಆಕೆ ಮಾಡಿದ ತಪ್ಪು ಒಂದೇ, ಅಕ್ಷರ ಮುತ್ತಿನ ಹಾಗೆ ಇರುವುದು. ಶಾಲೆಯ ಬ್ಯಾನರು ಆಕೆ ಬರೆಯಬೇಕು. ಮತದಾರರ ಪಟ್ಟಿ ಆಕೆ ಬರೆಯಬೇಕು. ಸಾಹೇಬರು ಬರುತ್ತಾರೆಂದರೆ ಬೆಳಿಗ್ಗೆ ಏಳಕ್ಕೇ ಬಂದು, ಮಂಡಿ ಊರಲಾಗದ ಕಾಲಲ್ಲಿ ರಂಗೋಲಿಯೂ ಆಕೆಯೇ ಹಾಕಬೇಕು. ಇಷ್ಟರ ಮೇಲೆ ಚಿತ್ರಕಲೆಯ ಪೀರಿಯಡ್ಡೂ ಆಕೆಗೆ ದಕ್ಕುವುದಿಲ್ಲ. "ಪೋರ್ಷನ್ ಉಳದದ ಅಕ್ಕಾ, ನಿಮ್ಮ ಪೀರಿಯಡ್ ಕೊಡ್ರಿ" ಎಂದು ಯಾರಾದರೂ ಕೇಳುತ್ತಾರೆ. ಯಾರೋ ಏಕೆ, ನಾನೇ ಕೇಳಿದ್ದೇನೆ. "ತಗೋ" ಎನ್ನುತ್ತಾಳೆ.

ಹೀಗಾಗಿ ನಮ್ಮ ಶಾಲೆಯಲ್ಲಿ ಚಿತ್ರ ಎಂದರೆ ಮನೆಯಲ್ಲಿ ಬರೆದು ತರುವುದು ಎಂದೇ ಆಗಿಹೋಯಿತು. ಶನಿವಾರ ಹಾಳೆ ಕೊಟ್ಟು ಏನು ಬರೆಯಬೇಕೆಂದು ಹೇಳುತ್ತಾಳೆ, ಸೋಮವಾರ ತರಬೇಕು. ನಿಮ್ಮ ಮನೆಯ ಒಲೆ ಬರೆಯಿರಿ, ಅಜ್ಜನ ಚಪ್ಪಲಿ ಬರೆಯಿರಿ, ನೀರಿನ ಕೊಡ ಬರೆಯಿರಿ. ಏನೇ ಹೇಳಲಿ, ಸೋಮವಾರ ಬರುವುದು ಮಾತ್ರ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಪಕ್ಕದಲ್ಲೊಂದು ತೆಂಗಿನ ಮರ. ಆ ಊರಲ್ಲಿ ಹುಡುಕಿದರೂ ಒಂದು ತೆಂಗಿನ ಮರ ಇಲ್ಲ.

"ಇದು ಯಾರ ಮನಿ?" ಎಂದು ಕೇಳುತ್ತಾಳೆ.

"ನಮ್ಮನಿರಿ."

"ನಿಮ್ಮನಿ ಹಿಂದ ಗುಡ್ಡ ಅದನು?"

"ಇಲ್ರಿ. ಪುಸ್ತಕದಾಗ ಅದರಿ."

ಇಲ್ಲದಿದ್ದರೆ ಹುಡುಗರ ಅಕ್ಕ ಬರೆದುಕೊಟ್ಟಿರುತ್ತಾಳೆ. ಅನುಕೂಲಸ್ಥರಾದರೆ ಯಾದಗಿರಿಯ ಅಂಗಡಿಯಿಂದ ತಯಾರಾದದ್ದನ್ನೇ ತಂದು ಹೆಸರು ಬರೆದಿರುತ್ತಾರೆ. ಭುವನಕ್ಕ ಎಲ್ಲಕ್ಕೂ ಸಹಿ ಹಾಕುತ್ತಾಳೆ. ವರ್ಷಗಟ್ಟಲೆ ತೆಂಗಿನ ಮರಕ್ಕೆ ಸಹಿ ಹಾಕಿ ಹಾಕಿ ಮನುಷ್ಯರಿಗೆ ಏನಾಗಬೇಕೋ ಅದು ಆಕೆಗೆ ಆಗಿದೆ.

ಕಳೆದ ನವೆಂಬರಿನ ಒಂದು ಶನಿವಾರ ಬಸ್ಸಿನಲ್ಲಿ ಕಣ್ಣು ತೆರೆದೇ ಕೂತಿದ್ದಳು. ನನಗೆ ಆಶ್ಚರ್ಯ.

"ಮಸ್ತಾನ, ಈ ಸಲ ಹೆಬ್ಬಟ್ಟಿನ ಚಿತ್ರ ಕೊಡ್ತೀನಿ" ಎಂದಳು. "ಮನ್ಯಾಗ ಹಿರ್ಯಾರು ಇರ್ತಾರಲ್ಲ, ಅವರ ಹೆಬ್ಬಟ್ಟಿಗೆ ಬಣ್ಣ ಹಚ್ಚಿ ಹಾಳಿ ಮ್ಯಾಲ ಒತ್ತಿಸಿ, ಅದಕ್ಕ ಕಾಲು ಬಾಲ ಬರೀಬೇಕು. ಕೋಳಿ ಮಾಡ್ಲಿ, ಇಲಿ ಮಾಡ್ಲಿ. ಅಂಗಡ್ಯಾಗ ಸಿಗೂದಿಲ್ಲ, ಪುಸ್ತಕ ನೋಡಿ ಬರಿಯಾಕ ಬರೂದಿಲ್ಲ. ಮತ್ತ ತಿದ್ದೂದೂ ಇಲ್ಲ. ಹೆಬ್ಬಟ್ಟು ಯಾವತ್ತರ ತಪ್ಪಾಗ್ತದನು?"

ಇದಕ್ಕೆ ನಾನು ತಲೆಯಾಡಿಸಿದೆ. ನಾನೂ ಓದಿದವಳೇ, ನನಗೂ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಡ್ರಾಯಿಂಗ್ ಹಾಳೆ ಮುಗಿದಿದ್ದವು. ಆಫೀಸಿನ ಕಪಾಟಿನಲ್ಲಿ ಹಸಿರು ಬಣ್ಣದ ಉದ್ದ ಹಾಳೆಗಳ ಕಟ್ಟೊಂದು ಬಿದ್ದಿತ್ತು. ತಹಸೀಲ್ ಕಚೇರಿಯ ಮುಂದೆ ಮರದ ಕೆಳಗೆ ಕೂತವರು ಅರ್ಜಿ, ಕರಾರು ಬರೆಯುವುದು ಅಂಥ ಹಾಳೆಯ ಮೇಲೆಯೇ. ಭುವನಕ್ಕ ಅವನ್ನೇ ನಾಲ್ಕನೇ ತರಗತಿಯ ಮೂವತ್ತೆಂಟು ಮಕ್ಕಳಿಗೆ ಹಂಚಿದಳು. ಬಣ್ಣ ಇಲ್ಲದವರು ಮನೆಯಲ್ಲಿರುವ ಕುಂಕುಮವನ್ನೋ ಬಟ್ಟೆಗೆ ಹಾಕುವ ನೀಲಿಯನ್ನೋ ಕಲಸಿಕೊಳ್ಳಿ ಎಂದಳು. ಯಾರ ಹೆಬ್ಬೆಟ್ಟೋ ಅವರ ಹೆಸರನ್ನು ಕೆಳಗೆ ಬರೆಯಿರಿ ಎಂದಳು. ಈಗ ನೀವೇ ಯೋಚಿಸಿ. ಹಸಿರು ಉದ್ದ ಹಾಳೆ, ನೀಲಿ ಹೆಬ್ಬೆಟ್ಟು, ಕೆಳಗೆ ಹೆಸರು, ಮೇಲೆಲ್ಲ ಖಾಲಿ. ತೌಬಾ!

ಸೋಮವಾರ ಮೂವತ್ತೆಂಟು ಹಾಳೆಯೂ ಬಂದವು, ಹಾಗೆ ಎಂದೂ ಬಂದಿದ್ದಿಲ್ಲ. ಎಲ್ಲಕ್ಕಿಂತ ಚಂದದ್ದು ಮಹಾನಂದಾಳದು. ಕುರಿ ಕಾಯುವವರ ಮಗಳು. ಅವ್ವ ಅಪ್ಪ ಕುರಿ ಹಿಂಡಿನ ಜೊತೆ ಊರೂರು ತಿರುಗುತ್ತಾರೆ, ಈಕೆ ಅಜ್ಜಿ ರೇಣಮ್ಮನ ಹತ್ತಿರ ಇರುತ್ತಾಳೆ, ಆಯಿ ಎನ್ನುತ್ತಾಳೆ. ರೇಣಮ್ಮನ ಹೆಬ್ಬೆಟ್ಟನ್ನು ಹನ್ನೊಂದು ಸಲ ಒತ್ತಿಸಿ ಹನ್ನೊಂದು ಕುರಿ ಮಾಡಿದ್ದಳು. ಬೆರಳಿನ ಗೆರೆಗಳು ಥೇಟ್ ಉಣ್ಣೆಯ ಹಾಗೆ ಬಂದಿದ್ದವು. ಒಂದಕ್ಕೆ ಕೊಂಬು, ಒಂದು ಕುಂಟು ಕುರಿ, ಒಂದು ತಿರುಗಿ ನೋಡುತ್ತಿತ್ತು. ಕೆಳಗೆ "ರೇಣಮ್ಮ ಗಂಡ ಮಲ್ಕಪ್ಪ" ಎಂದು ಕಾಗದಪತ್ರದಲ್ಲಿ ಬರೆಯುವ ಹಾಗೆಯೇ ಬರೆದಿದ್ದಳು. ಭುವನಕ್ಕ ಆ ಹಾಳೆಯನ್ನು ಎರಡು ಸಲ ಸ್ಟಾಫ್ ರೂಮಿಗೆ ತಂದು ನನಗೆ ತೋರಿಸಿದಳು. ಆಕೆಯ ಮುಖದಲ್ಲಿ ಅಂಥ ಗೆಲುವನ್ನು ನಾನು ನೋಡಿ ಬಹಳ ವರ್ಷವಾಗಿತ್ತು. ಖುಷಿಯಾಯಿತು.

ಅದೇ ಸಂಜೆ ಲಿಂಗಣ್ಣ ಎಂಬವನು ಊರಿನ ಕಟ್ಟೆಯ ಮೇಲೆ ಈ ಸುದ್ದಿ ಕೇಳಿದ. ತಹಸೀಲ್ ಕಚೇರಿಗೆ ಕೆಲಸವಿರಲಿ ಬಿಡಲಿ ವಾರಕ್ಕೆರಡು ಸಲ ಹೋಗಿಬರುವ ಮನುಷ್ಯ. "ಖಾಲಿ ಹಾಳಿ ಮ್ಯಾಲ ಹೆಬ್ಬಟ್ಟು ತಗೊಂಡಾರಾ? ಹಸರ ಹಾಳಿ? ಹೋತು ಬಿಡ್ರಿ ನಿಮ್ಮ ಹೊಲ" ಎಂದನಂತೆ. ಎತ್ತು ಈದಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಮಂಗಳವಾರ ಪ್ರಾರ್ಥನೆ ಮುಗಿಯುವುದರೊಳಗೆ ನಲವತ್ತು ಜನ ಅಂಗಳದಲ್ಲಿದ್ದರು.

ನಾನು ಸುಮ್ಮನಿರುವವಳೇ? "ಏನ್ರಿ, ಟೀಚರ್ ನಿಮ್ಮ ಹೊಲಾ ತಗೊಂಡು ಏನ್ ಮಾಡ್ತಾರ? ಜ್ವಾಳಾ ಬಿತ್ತತಾರನು? ತಲಿ ಅದನೋ ಇಲ್ಲೋ ನಿಮಗ?" ಎಂದು ಕೂಗಿದೆ. ನನ್ನ ಮಾತಿನಿಂದ ಗದ್ದಲ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಹೆಡ್ ಮಾಸ್ತರ್ ಸುನೀಲಕುಮಾರ ಇನ್ನೂ ಹರೆಯದವರು, ಬಂದು ಎಂಟು ತಿಂಗಳಾಗಿತ್ತು. ಅಡ್ಡಗೋಡೆಯ ಮೇಲೆ ದೀಪ ಇಡುವ ಸ್ವಭಾವ. "ಮೇಡಂ, ನೀವು ಕೇಳಬೇಕಿತ್ತು. ಎಲ್ಲಾ ಹಾಳಿ ವಾಪಸ್ ಕೊಟ್ಟುಬಿಡ್ರಿ. ಇನ್ನ ಮನಿಗೆ ಚಿತ್ರ ಕೊಡೂದೂ ಬ್ಯಾಡ" ಎಂದರು. ಹಾಳೆ ಕಪಾಟಿನಿಂದ ತೆಗೆದುಕೊಟ್ಟವರು ಅವರೇ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಭುವನಕ್ಕನೂ ಹೇಳಲಿಲ್ಲ.

ಆಕೆ ಒಂದೊಂದೇ ಹೆಸರು ಕೂಗಿ ಹಾಳೆ ಕೊಟ್ಟಳು. ಜನ ತಿರುವಿ ಮುರುವಿ ನೋಡಿ, ಮೈದಾನದ ಮೂಲೆಯಲ್ಲಿ ರಾಶಿ ಹಾಕಿ ಕಡ್ಡಿ ಗೀರಿದರು. ಕೋಳಿ, ಇಲಿ, ಆಮೆ, ಒಂದು ಬಸ್ಸು, ಎಲ್ಲ ಸುಟ್ಟವು. ಮಕ್ಕಳು ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರು.

ಕೊನೆಗೆ ರೇಣಮ್ಮನ ಹಾಳೆ ಒಂದೇ ಉಳಿಯಿತು. ಮುದುಕಿ ಕೂಗಾಡಿರಲಿಲ್ಲ. ಧ್ವಜದ ಕಟ್ಟೆಯ ಕೆಳಗೆ ಮಂಡಿ ತಬ್ಬಿಕೊಂಡು ಕೂತಿದ್ದಳು. ಮಹಾನಂದಾಳ ಮೂಗು ಅತ್ತು ಅತ್ತು ಕೆಂಪಾಗಿತ್ತು. "ನಿನ್ನಿ ಸಂಜಿಯಿಂದ ಆಯಿ ಉಂಡಿಲ್ರಿ" ಎಂದಳು.

ಭುವನಕ್ಕ ಹಾಳೆ ಚಾಚಿದರೆ ರೇಣಮ್ಮ ಕೈಯನ್ನೇ ನೀಡಲಿಲ್ಲ.

"ಸುಟ್ಟರ ಏನಾಗ್ತದವ್ವ?" ಎಂದಳು. "ನಮ್ಮ ಭಾವನೂ ಸುಟ್ಟು ತೋರ್ಸಿದ್ದ. ರೇಷನ್ನಿಂದು ಅಂತ ನನ್ನ ಗಂಡನ ಹೆಬ್ಬಟ್ಟು ಒತ್ತಿಸ್ಕೊಂಡ. ಊರ ಮಂದಿ ಕೇಳಿದ್ದಕ್ಕ ಎಲ್ಲರ ಮುಂದ ಒಂದು ಕಾಗದ ಸುಟ್ಟ. ಖರೇ ಕಾಗದ ಬ್ಯಾರೇ ಇತ್ತು. ನಾಕು ಎಕರೆ ಹೋತು. ಎರಡು ಎಕರೆ ಉಳದದ. ಅದು ಈ ಹುಡುಗೀದು. ಅದನ್ನ ನಾನೇ ನನ್ನ ಕೈಯಾರೆ ಒತ್ತಿ ಕೊಟ್ಟೆ."

ಹಾಲಿನಿಂದ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ನನ್ನ ಸಿಟ್ಟು ಇಳಿದುಹೋಯಿತು. ಹೆಡ್ ಮಾಸ್ತರರು, "ಅಜ್ಜಿ, ನಾವು ಬರೆದು ಕೊಡ್ತೀವಿ, ಸೀಲು ಹಾಕ್ತೀವಿ" ಎಂದರು.

"ಬರದದ್ದು ನನಗೇನು ತಿಳೀತದಪ್ಪ?"

ಭುವನಕ್ಕ ಆ ಮಂಡಿಯನ್ನೇ ಹೇಗೋ ಊರಿಕೊಂಡು ಮುದುಕಿಯ ಎದುರು ನೆಲದ ಮೇಲೆ ಕೂತಳು. "ಮತ್ತ ಏನ್ ಮಾಡ್ಲೆವ್ವ? ನೀವೇ ಹೇಳ್ರಿ."

ರೇಣಮ್ಮ ಆಕೆಯ ಮುಖ ನೋಡಿದಳು. "ನೀನೂ ಒತ್ತು" ಎಂದಳು. "ಅಂಥಾದೇ ಹಾಳಿ ಮ್ಯಾಲ, ಏನೂ ಬರೀಲಾರದ. ನಂದು ನಿನ್ನ ಹತ್ರ ಇರ್ತದ, ನಿಂದು ನನ್ನ ಹತ್ರ ಇರ್ಲಿ. ಅಂದರ ನನಗ ನಿದ್ದಿ ಬರ್ತದ."

ಭುವನಕ್ಕ ಜವಾನನಿಗೆ, "ಆಫೀಸಿನಾಗಿಂದ ಸ್ಟಾಂಪ್ ಪ್ಯಾಡ್ ತಗೊಂಡ್ ಬಾ" ಎಂದಳು. ಹಾಳೆ ಬಂತು, ಪ್ಯಾಡ್ ಬಂತು. ಹೆಬ್ಬೆರಳಿಗೆ ನೀಲಿ ಹತ್ತಿತು.

ಆಗ ನಾನು ಏನು ಮಾಡಿದೆ ಗೊತ್ತೇ? ಓಡಿಹೋಗಿ ಆಕೆಯ ರಟ್ಟೆ ಹಿಡಿದೆ. "ಅಕ್ಕಾ ಬ್ಯಾಡ್ರಿ! ಖಾಲಿ ಹಾಳಿ ಮ್ಯಾಲ ಒತ್ತಬ್ಯಾಡ್ರಿ! ನಾಳಿಗೆ ಯಾರರ ಏನರ ಬರಕೊಂಡರ? ಮನಿ ಅದ, ಪೆನ್ಶನ್ ಅದ!" ಎಂದು ಕಿರುಚಿದೆ.

ನಲವತ್ತು ಜನ ನನ್ನ ಕಡೆ ತಿರುಗಿದರು. "ನೋಡ್ರಪ್ಪ, ನಮಗ ತಲಿ ಇಲ್ಲ ಅಂದಾಕಿ" ಎಂದ ಲಿಂಗಣ್ಣ. ನಾನು ಕೈ ಬಿಟ್ಟೆ.

ಭುವನಕ್ಕ ಒತ್ತಿದಳು. ರೇಣಮ್ಮ ಹಾಳೆಯನ್ನು ಬಿಸಿಲಿಗೆ ಹಿಡಿದು ಹಸಿ ಆರುವವರೆಗೂ ಊದಿದಳು. ಮಡಚಿ ಸೊಂಟಕ್ಕೆ ಸಿಗಿಸಿಕೊಂಡಳು. "ಕುರಿ ನೀನೇ ಇಟ್ಕೋ. ಹುಡುಗಿ ಚಂದ ಬರದಾಳ" ಎಂದು ಎದ್ದು ಮೊಮ್ಮಗಳ ಕೈ ಹಿಡಿದು, "ನಡಿ, ರೊಟ್ಟಿ ತಿನ್ನೂನು" ಎಂದು ಹೊರಟುಹೋದಳು.

ಸಂಜೆ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅಂಜಿಕಿ ಆಗಲಿಲ್ಲೇನ್ರಿ?"

"ಆತು. ಎದಿ ಹೊಡಕೊಂತು."

"ಮತ್ತ ಯಾಕ ಒತ್ತಿದ್ರಿ?"

"ಆಕಿ ಉಂಡಿದ್ದಿಲ್ಲ, ಮಸ್ತಾನ. ನನಗೂ ಸಾಕಾಗಿತ್ತು" ಎಂದು ಕಣ್ಣು ಮುಚ್ಚಿದಳು. ಬೆರಳಿನ ನೀಲಿ ಇನ್ನೂ ಹೋಗಿರಲಿಲ್ಲ.

ಮನೆಗೆ ಚಿತ್ರ ಕೊಡುವುದು ನಿಂತಿತು. ಆಕೆ ಈಗಲೂ ಬ್ಯಾನರು ಬರೆಯುತ್ತಾಳೆ, ರಂಗೋಲಿ ಹಾಕುತ್ತಾಳೆ, ಬಸ್ಸಿನಲ್ಲಿ ಮಲಗುತ್ತಾಳೆ. ನಿದ್ದೆಗೆಟ್ಟವಳು ನಾನು. ಆ ಹಾಳೆ ಯಾರ ಕೈಗಾದರೂ ಸಿಕ್ಕರೆ, ಲಿಂಗಣ್ಣನಂಥವರು ಮುದುಕಿಗೆ ಏನಾದರೂ ತಲೆಗೆ ತುಂಬಿದರೆ ಎಂದು ಒಂದೇ ಯೋಚನೆ, ತಲೆ ಮೊಸರಗಡಿಗೆಯಾಗಿತ್ತು. ಎರಡು ತಿಂಗಳು ತಡೆದೆ. ಹೋದ ಗುರುವಾರ ಊಟದ ವೇಳೆಯಲ್ಲಿ ಭುವನಕ್ಕನಿಗೆ ಹೇಳದೆ ರೇಣಮ್ಮನ ಮನೆಗೆ ಹೋದೆ.

ಮುದುಕಿ ನೀರು ಕೊಟ್ಟಳು, ಹುರಿದ ಶೇಂಗಾ ಕೊಟ್ಟಳು. ನಾನು ಸುತ್ತಿ ಬಳಸಿ ಮಾತಾಡಿ ಕೊನೆಗೆ ಕೇಳಿದೆ. "ಆಯಿ, ಆ ಹಾಳಿ ಅಕ್ಕೋರಿಗೆ ವಾಪಸ್ ಕೊಡ್ರಿ. ಪಾಪ, ವಯಸ್ಸಾಗೇದ. ಮೇ ತಿಂಗಳಿಗೆ ಸಾಲಿ ಬಿಡ್ತಾರ."

ರೇಣಮ್ಮ ಒಲ್ಲೆ ಎನ್ನಲಿಲ್ಲ. ದೇವರ ಜಗುಲಿಯ ಮೇಲಿಂದ ಹಾಳೆ ತೆಗೆದು ನನ್ನ ಮುಂದೆ ಇಟ್ಟಳು. ಖಾಲಿ ಹಾಳೆ, ಒಂದು ನೀಲಿ ಹೆಬ್ಬೆಟ್ಟು.

"ಒಯ್ಯವ್ವ. ಅಕ್ಕೋರ್ದು ಒಯ್ದು, ಬದಲಿ ನಿಂದು ಒತ್ತಿಟ್ಟು ಹೋಗು. ನನಗ ಯಾರದಾದರೂ ನಡೀತದ" ಎಂದು, ಮೂಲೆಯಲ್ಲಿದ್ದ ನೀಲಿಯ ಡಬ್ಬಿ ತರಲು, ಊಟಕ್ಕೆ ಮನೆಗೆ ಬಂದಿದ್ದ ಮಹಾನಂದಾಳನ್ನು ಕಳಿಸಿದಳು.

ಹುಡುಗಿ ಡಬ್ಬಿ ತಂದು ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದು ನಿಂತಳು. ನಾನು ಗಡಿಯಾರ ನೋಡಿಕೊಂಡೆ. ಗಂಟೆ ಹೊಡೆಯುವ ಹೊತ್ತಾಯಿತು ಎಂದು ಹೇಳಿ, ಬರಿಗೈಲಿ ಎದ್ದು ಬಂದೆ. ಭುವನಕ್ಕನಿಗೆ ಇದನ್ನು ಇನ್ನೂ ಹೇಳಿಲ್ಲ.