ಛಾವಣಿ ಸೇತುವೆಯೊಳಗೆ ರಿವರ್ಸ್

ಶ್ರೀಲಕ್ಷ್ಮಿ ಮೈಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಹದಿನಾಲ್ಕು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದಳು. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ರೋಗಿಗಳು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಗಂಡ ಜಯಂತನಿಗೆ ವಿದೇಶದ ಪಾಮರ್ಸ್ಟನ್ ನಾರ್ತ್‌ನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿ 2003ರಲ್ಲಿ ಇಬ್ಬರೂ ಬಂದಿಳಿದಾಗ ಅವಳಿಗೆ ನಲವತ್ತೊಂದು. ಮನೆಮನೆಗೆ ಹೋಗಿ ರಕ್ತದ ಮಾದರಿ ತರುವ ಕೆಲಸವೇನೋ ಇತ್ತು. ಆದರೆ ಕಾರು ಓಡಿಸಲು ಬರಬೇಕು. ಅವಳಿಗೆ ಬರುತ್ತಿರಲಿಲ್ಲ.

ಬೆಳಿಗ್ಗೆ ಹತ್ತಕ್ಕೆಲ್ಲ ಮನೆಗೆಲಸ ಮುಗಿದುಬಿಡುತ್ತಿತ್ತು. ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುವಳು, ಕಿಟಕಿಯ ಬಳಿ ನಿಲ್ಲುವಳು, ಶೂ ಹಾಕಿಕೊಂಡು ಬೀದಿಬೀದಿ ಸುತ್ತುವಳು. ಕೊನೆಗೆ ಲರ್ನರ್ ಲೈಸೆನ್ಸ್ ಮಾಡಿಸಿ, ಭಾನುವಾರಗಳಂದು ಖಾಲಿ ಪಾರ್ಕಿಂಗ್ ಜಾಗದಲ್ಲಿ ಗಂಡನ ಪಕ್ಕ ಕೂತು ಕಲಿಯತೊಡಗಿದಳು. ಮುಂದಕ್ಕೆ ಹೇಗೋ ಹೋಗುತ್ತಿದ್ದಳು. ರಿವರ್ಸ್ ಎಂದರೆ ಅಂಗೈ ಬೆವರುತ್ತಿತ್ತು.

ಮರುವರ್ಷ ಮಾರ್ಚಿನಲ್ಲಿ ಜಯಂತ ಅವಳನ್ನು ಹಳೆಯ ಸೇತುವೆಯೊಂದನ್ನು ನೋಡಲು ಕರೆದೊಯ್ದ. ಒಂದೂವರೆ ಗಂಟೆಯ ದಾರಿ. ಕುರಿ ಮೇಯುವ ಗುಡ್ಡಗಳ ನಡುವೆ ಹೊಳೆ, ಅದರ ಮೇಲೆ ನೂರು ವರ್ಷ ದಾಟಿದ ಮರದ ಸೇತುವೆ. ಮಳೆಗೆ ಮರ ಕೊಳೆಯದಿರಲೆಂದು ಎರಡೂ ಬದಿಗೆ ಹಲಗೆಯ ಗೋಡೆ, ಮೇಲೆ ತಗಡಿನ ಛಾವಣಿ. ಒಂದು ಸಲಕ್ಕೆ ಒಂದೇ ವಾಹನ ಎಂದು ಫಲಕವಿತ್ತು. ಜಯಂತ ಕಾರನ್ನು ಅದರೊಳಗಿಂದ ಆಚೆ ದಡಕ್ಕೆ ಓಡಿಸಿ ನಿಲ್ಲಿಸಿದ. ಚಿತ್ರಾನ್ನ ತಿಂದು, ಫೋಟೋ ತೆಗೆಯಲು ದಡ ಇಳಿದವನು ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದ.

ಪಾದ ನೋಡನೋಡುತ್ತಲೇ ಊದಿಕೊಂಡಿತು. "ಬಲಗಾಲೇ ಕಣೇ. ಬ್ರೇಕ್ ಒತ್ತಕ್ಕಾಗಲ್ಲ."

"ಈಗೇನ್ರೀ ಮಾಡೋದು?"

"ಕೂತ್ಕೋ, ಯಾರಾದ್ರೂ ಬರ್ತಾರೆ."

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಯಾರೂ ಬರಲಿಲ್ಲ. ಅವಳು ಸೇತುವೆಯ ಬಾಯಿಯವರೆಗೆ ಹೋಗಿ ಇಣುಕುವಳು, ವಾಪಸು ಬರುವಳು, ಗಂಡನ ಕಾಲು ಮುಟ್ಟಿ ನೋಡುವಳು, ಮತ್ತೆ ಹೋಗುವಳು. ಹೀಗೇ ಮುಕ್ಕಾಲು ಗಂಟೆ ಕಳೆಯಿತು.

"ಇನ್ನು ಕಾಯೋದು ನನ್ ಕೈಲಾಗಲ್ಲ. ಕೀ ಕೊಡಿ."

ಗಂಡನನ್ನು ಪಕ್ಕದ ಸೀಟಿಗೆ ಕೂರಿಸಿ ಕಾರು ಹೊರಡಿಸಿದಳು. ಸೇತುವೆಯೊಳಗೆ ಕತ್ತಲು. ಚಕ್ರದಡಿ ಹಲಗೆಗಳು ದಡದಡ ಎಂದವು. ನಡುವಿಗೆ ಬರುವಷ್ಟರಲ್ಲಿ ಎದುರಿನ ತುದಿಯಿಂದ ಒಂದು ಯೂಟ್, ಅಂದರೆ ಹಿಂಬದಿ ತೆರೆದ ಸಣ್ಣ ಟ್ರಕ್ಕು, ಒಳನುಗ್ಗಿತು, ಹಿಂದೆ ಕುರಿ ತುಂಬಿದ ಟ್ರೇಲರ್. ಓಡಿಸುತ್ತಿದ್ದ ಮುದುಕ ಟ್ರೇಲರ್‌ನತ್ತ ಬೆರಳು ತೋರಿಸಿ ತಲೆಯಾಡಿಸಿದ. ಅವನು ಹಿಂದೆ ಸರಿಯುವಂತಿರಲಿಲ್ಲ.

"ನಿಧಾನಕ್ಕೆ ತಗೋ, ಲಕ್ಷ್ಮೀ. ಎಡಕ್ಕೆ… ಎಡಕ್ಕೇ ಅಂದೆ!"

"ನೀವು ಸುಮ್ನಿರ್ತೀರಾ ಸ್ವಲ್ಪ?"

ಅವಳು ಕತ್ತು ತಿರುಗಿಸಿ, ಹಿಂದಿನ ಗಾಜಿನಲ್ಲಿ ಕಾಣುತ್ತಿದ್ದ ಬೆಳಕಿನ ಚೌಕವನ್ನೇ ನೋಡುತ್ತ ಅಂಗುಲ ಅಂಗುಲ ಸರಿದಳು. ಎಡಗಡೆಯ ಕನ್ನಡಿ ಕಂಬಕ್ಕೆ ತಾಗಿ ಚಟ್ಟೆಂದು ಒಡೆಯಿತು. ಅವಳು ನಿಲ್ಲಿಸಲಿಲ್ಲ. ಬಿಸಿಲಿಗೆ ಬಂದಾಗ ಕುಪ್ಪಸ ಬೆನ್ನಿಗಂಟಿತ್ತು.

ಮುದುಕ ಇಳಿದು ಬಂದು ಜಯಂತನ ಕಾಲು ನೋಡಿದ. ತಾನೇ ಆಸ್ಪತ್ರೆಯವರೆಗೆ ಕಾರು ಓಡಿಸಿಕೊಂಡು ಹೋಗಲೇ ಎಂದು ಕೇಳಿದ. ಜಯಂತನ ಮುಖ ಅರಳಿತು. ಶ್ರೀಲಕ್ಷ್ಮಿ ಮಾತ್ರ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿ, ಬೇಡ, ನಾನೇ ಓಡಿಸುತ್ತೇನೆ ಎಂದಳು. ಹಾಗೆ ಹೇಳಿದ್ದು ಅವಳಿಗೇ ಅಚ್ಚರಿ. ಟ್ರೇಲರ್ ದಾಟಿಹೋದ ಮೇಲೆ ಮತ್ತೆ ಸೇತುವೆಯೊಳಗೆ ನುಗ್ಗಿ, ಒಂದೂವರೆ ಗಂಟೆಯ ದಾರಿಯನ್ನು ಎರಡೂಕಾಲು ಗಂಟೆಯಲ್ಲಿ ಮುಗಿಸಿದಳು. ಆಸ್ಪತ್ರೆಯಲ್ಲಿ ನೋಡಿದರೆ, ಮೂಳೆ ಮುರಿದಿರಲಿಲ್ಲ.

ಡ್ರೈವಿಂಗ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದಳು, ಅತಿ ನಿಧಾನ ಎಂಬ ಕಾರಣಕ್ಕೆ. ಎರಡನೇ ಸಲ ಪಾಸು. 2006ರ ಚಳಿಗಾಲದಲ್ಲಿ ರಕ್ತದ ಮಾದರಿ ತರುವ ಆ ಕೆಲಸ ಸಿಕ್ಕಿತು. ಮೊದಲ ದಿನ, ಊರಾಚೆಯ ಒಂದು ಹೈನುಗಾರರ ಮನೆಗೆ ಹೇಳಿದ ಹೊತ್ತಿಗಿಂತ ಇಪ್ಪತ್ತು ನಿಮಿಷ ಮೊದಲೇ ತಲುಪಿದಳು. ಕಾರಿನಲ್ಲೇ ಕಾಯೋಣವೆಂದುಕೊಂಡಳು. ಎರಡು ನಿಮಿಷ ಕೂತಳು, ಅಷ್ಟೇ. ಪೆಟ್ಟಿಗೆ ಎತ್ತಿಕೊಂಡು ಹೋಗಿ ಬಾಗಿಲು ತಟ್ಟಿದಳು. ಪೈಜಾಮದಲ್ಲೇ ಬಾಗಿಲು ತೆರೆದ ಅಜ್ಜಿ ಗಡಿಯಾರ ನೋಡಿ ಹುಬ್ಬೇರಿಸಿದಳು. ಶ್ರೀಲಕ್ಷ್ಮಿ ಕೈ ತೊಳೆಯಲು ನಲ್ಲಿ ಎಲ್ಲಿದೆ ಎಂದು ಕೇಳಿದಳು.