ಕೋಶಕೇಂದ್ರ ಕಾಣದ ಕೆನ್ನೆ

ಜೇವರ್ಗಿ, ಭಾನುವಾರ ಬೆಳಗ್ಗೆ. ನಾಳೆ ಮಗಳಿಗೆ ವಿಜ್ಞಾನ ಪರೀಕ್ಷೆ. ಆಹಾರ ಸರಪಳಿ ಓದಿಸಿ ಜೀವಕೋಶದ ಪಾಠ ತೆರೆದೆ. ಕೆನ್ನೆಯ ಜೀವಕೋಶದ ಚಿತ್ರ ಕಂಡೊಡನೆ ಬಾಯಿಗೆ ಬೆಂಕಿಕಡ್ಡಿಯ ರುಚಿ ಬಂತು.

ನಾನು ಶಾಲೆಯಲ್ಲಿದ್ದಾಗಿನ ಮಾತು, ಅದೂ ಪರೀಕ್ಷೆಯ ಹಿಂದಿನ ವಾರ. ಊಟದ ಬಿಡುವು ಮುಗಿದೊಡನೆ ಮಾಸ್ತರರು ಕಡ್ಡಿಯ ಹಿಂಬದಿಯಿಂದ ನನ್ನ ಕೆನ್ನೆಯ ಒಳಗೆ ಕೆರೆದು, ಗಾಜಿಗೆ ಸವರಿ, ಸೂಕ್ಷ್ಮದರ್ಶಕದಲ್ಲಿ ಇಣುಕಿದರು.

“ನಿನ್ನ ಜೀವಕೋಶದಾಗ ಕೋಶಕೇಂದ್ರನ ಇಲ್ಲಲ್ಲ ಬೇ! ಹೆಂಗ ಬದುಕಿದಿ?”

ತರಗತಿ ನಕ್ಕಿತು. ಕೋಶಕೇಂದ್ರವಿಲ್ಲದ ಜೀವಕೋಶ ಹೆಚ್ಚು ದಿನ ಉಳಿಯದೆಂದು ಬೆಳಗ್ಗೆ ಅವರೇ ಹೇಳಿದ್ದರು. ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಅವ್ವನ ಮುಂದೆ ಅಳುತ್ತ ಹೇಳಿದೆ: “ನಾ ಸಾಯ್ತೇನಿ.”

ರೊಟ್ಟಿ ಬಡಿಯುತ್ತಲೇ ಅವ್ವ ಎಲ್ಲ ಕೇಳಿಸಿಕೊಂಡಳು. “ಶೇಂಗಾ ಹಿಂಡಿ ಉಂಡು ಬಾಯಿ ಮುಕ್ಕಳಿಸಿದ್ದಿಲ್ಲೇನ ಬೇ?”

ಅಂದು ಬುತ್ತಿಯಲ್ಲಿ ರೊಟ್ಟಿಯ ಜೊತೆ ಆ ಶೇಂಗಾ ಚಟ್ನಿಪುಡಿಯೇ ಇತ್ತು. ಮುಕ್ಕಳಿಸಿರಲಿಲ್ಲ.

“ಮತ್ತ! ಅವರು ನೋಡಿದ್ದು ಹಿಂಡಿ.”

ಅವ್ವನ ಮಾತು ನಂಬಿದೆ, ಪೂರ್ತಿಯಾಗಿ ಅಲ್ಲ. ಇನ್ನೊಮ್ಮೆ ನೋಡಿರಿ ಎನ್ನಲು ಧೈರ್ಯ ಬರಲಿಲ್ಲ. ಮತ್ತೆ ಕಾಣದಿದ್ದರೆ?

ಇದನ್ನು ಕೇಳಿದ ಮಗಳು ನಗುತ್ತಿದ್ದಾಳೆ: “ಇನ್ನೂ ಅಂಜತೀ ಏನವ್ವ?”

ನಾಳೆ ಪರೀಕ್ಷೆ ಮುಗಿದ ಮೇಲೆ ಅವಳ ಟೀಚರ್ ಬಳಿ ಹೋಗಿ, ನನ್ನ ಕೆನ್ನೆಯದೊಂದು ಸ್ಲೈಡ್ ಮಾಡಿಕೊಡಿ ಎಂದು ಕೇಳುತ್ತೇನೆ. ಮಗಳಿಗೆ ಇನ್ನೂ ಹೇಳಿಲ್ಲ.