ಹೊಲವಿಲ್ಲದ ಲಾಲಮ್ಮನ ಎಳ್ಳಮಾಸಿ

ನಮ್ಮ ಚಿಗವ್ವ ಲಾಲಮ್ಮನಿಗೆ ಅಂಗೈ ಅಗಲದ ಹೊಲವೂ ಇರಲಿಲ್ಲ. ಆದರೂ ಎಳ್ಳಮಾಸಿಯ ದಿನ ಅವಳ ಹಾಗೆ ಮಂದಿ ಕೂಡಿಸಿ ಉಣ್ಣಿಸುವವರು ಶಹಾಪುರದಿಂದ ಗೋಗಿಯವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಈ ಮಾತನ್ನು ನಾನು ಹೊಟ್ಟೆಯ ಮೇಲೆ ಕೈಯಿಟ್ಟು ಹೇಳುತ್ತೇನೆ. ಸಾಲಿ ಮಾಸ್ತರನಾಗಿ ವರ್ಷವಿಡೀ ಮಕ್ಕಳಿಗೆ ಶಿಸ್ತು ಹೇಳುವ ನಾನು ಅವಳ ಸಜ್ಜೆ ಕಡುಬು, ಭಜ್ಜಿ ಪಲ್ಲೆಯ ಮುಂದೆ ಎಲ್ಲವನ್ನೂ ಮರೆತು ಕೂರುತ್ತಿದ್ದೆ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಮನೆಯಲ್ಲಿ ಮಾಡುವ ಹಬ್ಬವಲ್ಲ. ಬುಟ್ಟಿ ಹೊತ್ತು ಹೊಲಕ್ಕೆ ಹೋಗಬೇಕು, ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ ನಿಂತ ಬೆಳೆಗೆ ಚರಗ ಚೆಲ್ಲಬೇಕು, ಆಮೇಲೆ ಬಂಧು ಬಳಗ ಕೂಡಿ ಉಣ್ಣಬೇಕು. ಹೊಲವಿಲ್ಲದವರು ಯಾರಾದರೂ ಕರೆದರೆ ಹೋಗುತ್ತಾರೆ. ನಮ್ಮ ಚಿಗವ್ವ ಮಾತ್ರ ತಾನೇ ಕರೆಯುವವಳು.

ಕಾಲುವೆಗೆ ನೀರು ಬಂದ ಮೇಲೆ ಅವಳಿಗೆ ಆ ಧೈರ್ಯ ಬಂದಿತ್ತು. ಮೊದಲು ದುಡಿಯಲು ಪುಣೆಗೆ ಹೋಗುತ್ತಿದ್ದವಳು ಈಗ ಹದಿನಾಲ್ಕು ಹೆಂಗಸರ ಭತ್ತದ ನಾಟಿ ಗುಂಪಿಗೆ ಹಿರಿಯಳು. ಅವಳ ಬಲಗೈ ಅಂದರೆ ಪಕ್ಕದ ಮನೆಯ ಖುರ್ಷೀದಬೇಗಂ. ಇಬ್ಬರೂ ಕೆಸರಿಗಿಳಿದರೆ ಮೂಡಣದ ಬದುವಿನಿಂದ ಪಡುವಣದ ಬದುವಿನವರೆಗೆ ಸೊಂಟ ಎತ್ತುತ್ತಿರಲಿಲ್ಲ, ಬಾಯಿ ಮುಚ್ಚುತ್ತಲೂ ಇರಲಿಲ್ಲ. ರೈತ ಬಸವಂತ್ರಾಯರು ಮನೆ ಊಟಕ್ಕೆಂದು ಅರ್ಧ ಎಕರೆಯಲ್ಲಿ ಬಿಳಿಜೋಳ ಹಾಕುತ್ತಿದ್ದರು. ಅದರ ಮೂಲೆಯ ಬೇವಿನಮರದ ಅಡಿ ಹಬ್ಬದ ದಿನ ಚಿಗವ್ವನಿಗೆ ಬಿಟ್ಟದ್ದು.

ಆ ವರ್ಷ ಚಿಗವ್ವನ ಒಬ್ಬಳೇ ಮಗಳು ದೇವಕಮ್ಮನನ್ನು ಸುರಪುರದ ಹತ್ತಿರದ ದೇವಾಪುರಕ್ಕೆ ಕೊಟ್ಟಿದ್ದರು. ಮದುವೆಯಾದ ಮೊದಲ ಎಳ್ಳಮಾಸಿಗೆ ಮಗಳನ್ನು ಕರೆತರಲು ಚಿಗವ್ವನೂ ನಾನೂ ಹೋದರೆ, ಅವಳ ಅತ್ತೆ ಮಲ್ಲಾಬಾಯಿ ಎಂಟು ಎಕರೆಯ ಗತ್ತಿನಲ್ಲಿ ಅಂದಳು:

“ಹೊಲ ಇಲ್ಲದವರ ಮನ್ಯಾಗ ಎಳ್ಳಮಾಸಿ ಎಂಥದ್ದವ್ವಾ? ಇಲ್ಲೇ ಮಾಡ್ತಾಳ ಬಿಡು.”

ಹೆಣ್ಣು ಕೊಟ್ಟವಳು, ಚಿಗವ್ವ ಸಿಟ್ಟು ನುಂಗಿಕೊಂಡಳು. ಪೂರ್ತಿ ನುಂಗಲಿಲ್ಲ, ಅದು ಅವಳ ಜಾಯಮಾನವಲ್ಲ.

“ಹಂಗಾರ ನೀವೂ ಬರ್ರಿ. ಕಣ್ಣಿಲೆ ನೋಡ್ರಿ. ಹಬ್ಬ ಹಬ್ಬದಂಗ ಅನಸ್ಲಿಲ್ಲಂದ್ರ, ಇನ್ನ ಮ್ಯಾಲ ಯಾವ ಹಬ್ಬಕ್ಕೂ ಮಗಳನ್ನ ಕೇಳಂಗಿಲ್ಲ.”

“ಬರ್ತೀನಿ. ನಮ್ಮ ಹೊಲದ್ದು ಗಂಡಸ್ರು ಮಾಡ್ಕೊತಾರ,” ಅಂದಳು ಮಲ್ಲಾಬಾಯಿ.

ಆಡಿದ ಮಾತು ಆಡಿಯಾಗಿತ್ತು. ಬಸ್ಸಿನಲ್ಲಿ ಬರುವಾಗ ಚಿಗವ್ವ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಹಬ್ಬದ ದಿನ ಮುಂಜಾನೆ ಅವಳೂ ನಾನೂ ಬುಟ್ಟಿ ಹೊತ್ತು ಹೋದರೆ, ಜೋಳದ ಹೊಲ ಕೆರೆಯಾಗಿತ್ತು. ಬೇವಿನಮರದ ಬುಡದಲ್ಲಿ ಕಪ್ಪೆಗಳು ಪಂಕ್ತಿ ಹಾಕಿ ಕೂತಿದ್ದವು. ಬದುವಿನ ಮೇಲೆ ಬಸವಂತ್ರಾಯರು ಒಂದು ಕಲ್ಲು ಹಿಡಿದು ನಿಂತಿದ್ದರು. ಅದು ಮೇಲಿನ ಗದ್ದೆಯ ನೀರಬಾಯಿಗೆ ಇಡುವ ಕಲ್ಲು.

“ಯಾರು ತಗದವರು ಇದನ್ನ?”

ಚಿಗವ್ವ ತಲೆಯ ಮೇಲಿನ ಬುಟ್ಟಿ ಇಳಿಸಿದಳು. “ನಾನೇ ರೀ.”

ಹಿಂದಿನ ದಿನ ಮೇಲಿನ ಗದ್ದೆಯಲ್ಲಿ ನೆಲ್ಲು ಹಚ್ಚುವಾಗ ನೀರು ಹೆಚ್ಚಾಯಿತೆಂದು ಅವಳೇ ಕಲ್ಲು ಕಿತ್ತಿದ್ದಳು. ಮೂವತ್ತು ಮಂದಿಯ ಕಡುಬಿನ ಗಡಿಬಿಡಿಯಲ್ಲಿ ತಿರುಗಿ ಇಡದೇ ಮನೆಗೆ ಓಡಿದ್ದಳು, ರಾತ್ರಿಯೆಲ್ಲ ನೀರು ಕೆಳಗಿನ ಜೋಳಕ್ಕೆ ಇಳಿದಿತ್ತು.

“ಊರ ಮಂದಿಗೆಲ್ಲ ನೀರಿನ ಪಾಠ ಹೇಳಾಕಿ ನೀನು!” ಎಂದು ಬಸವಂತ್ರಾಯರು ಕೂಗಾಡಿದರು. ನ್ಯಾಯವಾಗಿಯೇ ಕೂಗಾಡಿದರು, ಅರ್ಧ ಜೋಳ ಬಾಗಿ ಮಲಗಿತ್ತು.

“ತಪ್ಪು ನಂದೇ ರೀ. ನೀರು ಬಸದ ಮ್ಯಾಲ ಬಿದ್ದದ್ದನ್ನೆಲ್ಲ ನಮ್ಮ ಗುಂಪೇ ಎತ್ತಿ ಕಟ್ಟಿ ಕೊಡ್ತದ. ಉಳದ ಬೈಗಳ ನಾಳಿಗಿ ಇಟ್ಕೊರ್ರಿ. ಇವತ್ತ ನನ್ನ ಬೀಗ್ತಿ ಬರಾಕತ್ತಾಳ.”

ಸುತ್ತ ಎಲ್ಲಿ ನೋಡಿದರೂ ಕೆಸರು. ಒಣಗಿದ್ದದ್ದು ಕಾಲುವೆಯ ಒಡ್ಡು ಮಾತ್ರ, ಅದರ ಮೇಲೂ ಜಾಲಿಮುಳ್ಳು. ಖುರ್ಷೀದಬೇಗಂ ಸುದ್ದಿ ಕೇಳಿ ಗುಂಪಿನ ಹೆಂಗಸರನ್ನೆಲ್ಲ ಕುಡುಗೋಲು ಸಮೇತ ಎಬ್ಬಿಸಿಕೊಂಡು ಬಂದಳು. “ಫಿಕರ್ ಮಾಡಬ್ಯಾಡ ಲಾಲಮ್ಮ, ಮದುವಿ ಪಂಗತಿ ಹಂಗ ಮಾಡೋಣು” ಎಂದು ಹಬ್ಬದ ಸೀರೆಯನ್ನೇ ಕಚ್ಚೆ ಹಾಕಿದಳು. ಒಂದು ತಾಸಿನಲ್ಲಿ ಮುಳ್ಳು ಹೋಗಿ ಕೌದಿಗಳು ಬಂದವು. ಒಡ್ಡು ಇಕ್ಕಟ್ಟು, ಹಾಗಾಗಿ ಮೂವತ್ತು ಮಂದಿಯೂ ಒಂದೇ ಸಾಲು. ನನ್ನನ್ನು ಮನೆಯವನೆಂದು ತೀರಾ ತುದಿಗೆ ಹಾಕಿದರು. ಭಜ್ಜಿ ಅಲ್ಲಿಗೆ ತಲುಪುವಷ್ಟರಲ್ಲಿ ಪಾತ್ರೆಯ ಗತಿ ಏನಾದೀತೆಂಬ ಚಿಂತೆ ನನಗೆ ಆಗಲೇ ಹತ್ತಿತ್ತು.

ಮಲ್ಲಾಬಾಯಿ ಟೆಂಪೊ ಇಳಿದು, ಕೈಯಲ್ಲೊಂದು ಗಂಟು ಹಿಡಿದು, ಸೊಸೆಯ ಜೊತೆ ಒಡ್ಡು ಹತ್ತಿದಳು. ಸಾಲನ್ನು ಉದ್ದಕ್ಕೂ ನೋಡಿದಳು. ಚರಗದ ಗಡಿಗೆ ನೋಡಿದಳು.

“ಇದನ್ನ ಎಲ್ಲಿ ಚೆಲ್ಲತಿ? ಕಾಲವಿಯಾಗಿನ ಮೀನಕ್ಕೇನು?”

ದೇವಕಮ್ಮ ತಲೆ ತಗ್ಗಿಸಿದಳು. ಚಿಗವ್ವನ ಮುಖ ಸಣ್ಣದಾಯಿತು. ಆದರೂ ಅವಳು ಗಡಿಗೆಯನ್ನು ಎತ್ತಿ ಸೊಂಟಕ್ಕೇರಿಸಿದಳು.

“ನೀರಿನ ತಂಬಗಿ ತಗೊಂಡ ನನ್ನ ಹಿಂದ ಬರ್ರಿ, ಬೀಗ್ತಿ.”

ಒಡ್ಡಿನ ಮೇಲೆ ನಡೆದು ಮೊದಲ ಗದ್ದೆಗೆ ಒಂದು ಹಿಡಿ ಬೀಸಿದಳು. ಚರಗದ ಕೂಗು ಹಾಕಿದಳು: “ಹುಲಿಗ್ಯೋ!” ನಾವೆಲ್ಲ ಹಿಂದಿನಿಂದ “ಸಲಾಂಬ್ರಿಗ್ಯೋ!” ಅಂದೆವು.

“ಇದು ಬಸವಂತ್ರಾಯರದು. ಮೊನ್ನಿ ನಾವೇ ಹಚ್ಚೀವಿ.” ಎಡಕ್ಕೊಂದು ಹಿಡಿ. “ಇದು ಸರದಾರಸಾಬರದು. ಇಲ್ಲಿ ಕಾಲಾಗ ಹಾವು ಬಂದು, ಖುರ್ಷೀದ ನನ್ನ ಹೆಗಲೇರಿದ್ಲು.” ಬಲಕ್ಕೊಂದು. “ಇದು ಅಂಬ್ರಪ್ಪಂದು. ಹೋದ ವರ್ಷ ಇಲ್ಲಿ ಹಚ್ಚುವಾಗ ನಿಮ್ಮ ಸೊಸಿ ನನ್ನ ಮಗ್ಗಲದಾಗೇ ಇದ್ಲು, ಆಗ ಆ ಎರಡ ಸಾಲ ಅಕಿವು.”

ಪ್ರತಿ ಗದ್ದೆಗೂ ಒಂದು ಹಿಡಿ, ಒಂದು ಕತೆ. ದೂರದ ಹೊಲಗಳಲ್ಲಿ ಉಣ್ಣುತ್ತಿದ್ದವರು ಎದ್ದು ನಿಂತು ನಮ್ಮ ಕೂಗಿಗೆ ದನಿಗೂಡಿಸಿದರು. ಮಲ್ಲಾಬಾಯಿ ಹಿಂದೆ ನೀರು ಚಿಮುಕಿಸುತ್ತ ಬಂದಳು. ಹನ್ನೊಂದನೆಯ ಗದ್ದೆಗೆ ಚಿಗವ್ವ ಕೈ ಹಾಕಿದರೆ ಗಡಿಗೆಯಲ್ಲಿ ಏನೂ ಇರಲಿಲ್ಲ. ಮುಂದೆ ಕಾಲುವೆಯ ತಿರುವಿನವರೆಗೂ ಹಸಿರು ನಿಂತಿತ್ತು.

“ಇನ್ನೂ ಅದಾವೇನು?” ಮಲ್ಲಾಬಾಯಿ ಕೇಳಿದಳು.

“ಅದಾವ್ರಿ. ಆ ತಿರುವಿನ ತನಕ ನಮ್ಮ ಕೈಯಿಂದು.”

ಮಲ್ಲಾಬಾಯಿ ತಂಬಿಗೆಯನ್ನು ಸೊಸೆಗೆ ಕೊಟ್ಟು ತನ್ನ ಗಂಟು ಬಿಚ್ಚಿದಳು. ಬೀಗರ ಮನೆಗೆಂದು ತಂದ ಶೇಂಗಾ ಹೋಳಿಗೆ. ಒಂದನ್ನು ಮುರಿದು ಪುಡಿಮಾಡಿ ತಾನೇ ಗದ್ದೆಗೆ ಬೀಸಿದಳು. “ನಿಂತ್ಯಾಕ? ಕೂಗು,” ಎಂದು ಚಿಗವ್ವನನ್ನು ಗದರಿದಳು. ಆ ಹೋಳಿಗೆಯ ಮೇಲೆ ನನಗೂ ಕಣ್ಣಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಊಟ. ಬಸವಂತ್ರಾಯರು ಗೊಣಗುತ್ತಲೇ ಬಂದು ಸಾಲಿನ ನಡುವೆ ಕೂತು, ಗೊಣಗುತ್ತಲೇ ಆರು ಕಡುಬು ತಿಂದರು. ಭಜ್ಜಿ ನನ್ನ ತನಕ ಬಂತು, ತಳದ್ದು.

ಹೊತ್ತು ಇಳಿದಾಗ ಟೆಂಪೊ ಬಂತು. ದೇವಕಮ್ಮ ಚೀಲ ಎತ್ತಿಕೊಂಡಳು. ಮಲ್ಲಾಬಾಯಿ ಅದನ್ನು ಅವಳ ಕೈಯಿಂದ ತೆಗೆದು ನೆಲಕ್ಕಿಟ್ಟಳು.

“ನೀ ಎಂಟ ದಿನ ಇದ್ದು ಬಾ,” ಅಂದಳು. ಟೆಂಪೊ ಹತ್ತಿ ಕೂತ ಮೇಲೆ ಚಿಗವ್ವನ ಕಡೆ ತಿರುಗಿದಳು. “ಮುಂದಿನ ಎಳ್ಳಮಾಸಿಗಿ ಕರಿಯಾಕ ಬರಬ್ಯಾಡ. ನಾವೇ ಬರ್ತೀವಿ. ಚರಗಾ ಮಾತ್ರ ಎರಡ ಗಡಿಗಿ ಮಾಡು, ಈಟ ಹೊಲಕ್ಕ ಒಂದು ಸಾಲಂಗಿಲ್ಲ.”